ಬಿಯರ್‌ಗಾಗಿ ಎಲ್ಲಿಗೆ ಹೋಗಬೇಕು? ಚೆಕ್, ಬವೇರಿಯಾ, ಬೆಲ್ಜಿಯಂ, ಇಂಗ್ಲೆಂಡ್: ಒಂದು ಹೋಲಿಕೆ

ಹೊಗಾರ್ಡನ್ ಈಗ ಬೆಂಗಳೂರಿನ ಅಂಗಡಿಯಲ್ಲೇ ಸಿಗುತ್ತದೆ. ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಒಂದು ಬ್ರೂಪಬ್ ಹೊಕ್ಕರೆ ಜರ್ಮನ್ ಶೈಲಿಯ ಗೋಧಿ ಬಿಯರನ್ನು ತಾಜಾ ಆಗಿಯೇ ಕುಡಿಯಬಹುದು. ಹಾಗಿರುವಾಗ ಬಿಯರ್ ರುಚಿ ನೋಡಲು ಯೂರೋಪಿಗೆ ಹೊರಟವರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಅಲ್ಲಿಗೇ ಹೋದರೆ ಮಾತ್ರ ಸಿಗುವುದು ಏನು?

ನನ್ನ ಮಟ್ಟಿಗೆ ಇದೇ ಅಳತೆಗೋಲು. ಬಾಟಲಿಯಲ್ಲಿ ಊರೂರು ಸುತ್ತುವ ಬಿಯರ್‌ಗಾಗಿ ವಿಮಾನ ಹತ್ತಬೇಕಾಗಿಲ್ಲ. ಕೆಲವು ಬಿಯರ್‌ಗಳು ಮಾತ್ರ ಹುಟ್ಟಿದ ಜಾಗ ಬಿಟ್ಟು ಹೊರಡುವುದೇ ಇಲ್ಲ. ಹೊರಟರೂ ದಾರಿಯಲ್ಲೇ ಅರ್ಧ ಸತ್ತುಹೋಗುತ್ತವೆ. ಬಿಸಿ, ಬೆಳಕು, ಅಲುಗಾಟ, ಕಾಲ, ಇವೆಲ್ಲ ಬಿಯರ್‌ಗೆ ಆಗುವುದಿಲ್ಲ. ಅಂಥ ಬಿಯರ್ ಇರುವ ಊರಿಗೆ ಹೋಗಿ, ಅಲ್ಲಿನವರು ಕುಡಿಯುವ ರೀತಿಯಲ್ಲೇ ಕುಡಿಯುವುದು ಬೇರೆಯದೇ ಸುಖ.

ಹೆಚ್ಚಿನವರಿಗೆ ಸಿಗುವುದು ಒಂದು ವಾರ, ಹತ್ತು ದಿನದ ರಜೆ. ಅಷ್ಟರಲ್ಲಿ ಎಲ್ಲ ಕಡೆ ಓಡಾಡಿದರೆ ಯಾವುದೂ ದಕ್ಕುವುದಿಲ್ಲ. ಹಾಗಾಗಿ ನಾಲ್ಕು ಜಾಗಗಳನ್ನು ಎದುರುಬದುರು ಇಟ್ಟು ನೋಡೋಣ. ಚೆಕ್ ದೇಶ, ಜರ್ಮನಿಯ ಬವೇರಿಯಾ ಮತ್ತು ಬೆಲ್ಜಿಯಂಗೆ ಒಂದೇ ಶೆಂಗನ್ ವೀಸಾ ಸಾಕು. ಇಂಗ್ಲೆಂಡಿಗೆ ಬೇರೆ ವೀಸಾ ಬೇಕು. ಖರ್ಚು ಲೆಕ್ಕ ಹಾಕುವಾಗ ಇದು ನೆನಪಿರಲಿ.

ಚೆಕ್: ಒಂದೇ ಬಿಯರ್, ಆದರೆ ಅದರ ತುದಿ ಮುಟ್ಟಿದ ರೂಪ

ತಲಾ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬಿಯರ್ ಕುಡಿಯುವವರು ಚೆಕ್ ಜನ. ಎಷ್ಟೋ ವರ್ಷಗಳಿಂದ ಆ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ಹಾಗಂತ ಅಲ್ಲಿನ ಹಳೆ ಪಬ್‌ಗಳಲ್ಲಿ ಉದ್ದನೆಯ ಬಿಯರ್ ಪಟ್ಟಿ ಹುಡುಕಬೇಡಿ. ಎಷ್ಟೋ ಕಡೆ ಎರಡೋ ಮೂರೋ ಬಿಯರ್ ಇರುತ್ತವೆ. ಅಷ್ಟೇ. ಆ ಎರಡನ್ನು ಎಷ್ಟು ಚೆನ್ನಾಗಿ ಕೊಡುತ್ತಾರೆ ಅನ್ನುವುದರ ಮೇಲೆ ಪಬ್‌ನ ಹೆಸರು ನಿಂತಿರುತ್ತದೆ.

ಕಥೆ ಶುರುವಾಗುವುದು ಪಿಲ್ಸೆನ್ ಊರಿನಲ್ಲಿ. ರೈಲ್ವೆ ಬೋರ್ಡಿನಲ್ಲಿ ಚೆಕ್ ಹೆಸರು ಪ್ಲ್ಜೆನ್ ಅಂತ ಇರುತ್ತದೆ, ಗೊಂದಲ ಬೇಡ. 1838ರಲ್ಲಿ ಅಲ್ಲಿನ ಜನ ಕೆಟ್ಟುಹೋದ 36 ಪೀಪಾಯಿ ಬಿಯರನ್ನು ಪುರಭವನದ ಮುಂದೆ ಚೆಲ್ಲಿ ಪ್ರತಿಭಟಿಸಿದರು. ಆಮೇಲೆ ತಾವೇ ಸೇರಿ ಹೊಸ ಬ್ರೂವರಿ ಕಟ್ಟಿದರು. ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಬ್ರೂವರ್‌ನನ್ನು ಕರೆಸಿಕೊಂಡರು. 1842ರ ಅಕ್ಟೋಬರ್ 5ರಂದು ಅವನು ಮೊದಲ ಸಲ ಕುದಿಸಿದ ಬಿಯರ್ ಹೊನ್ನಿನ ಬಣ್ಣದ್ದಾಗಿ, ತಿಳಿಯಾಗಿ ಬಂತು. ತೆಳುಬಣ್ಣದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಪಿಲ್ಸೆನ್‌ನ ಮೆದು ನೀರು, ಜಾಟೆಟ್ಸ್ ಸುತ್ತಮುತ್ತ ಬೆಳೆಯುವ ಸಾಜ್ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವು), ಬವೇರಿಯಾದ ತಣ್ಣನೆಯ ಹುದುಗುವ ಪದ್ಧತಿ. ಈ ನಾಲ್ಕೂ ಒಂದೇ ಕಡೆ ಕೂಡಿದವು. ಇವತ್ತು ಜಗತ್ತಿನಲ್ಲಿ ಮಾರುವ ಬಿಯರ್‌ನ ದೊಡ್ಡ ಪಾಲು ಆ ವಂಶದ್ದು. ನಮ್ಮ ಕಿಂಗ್‌ಫಿಶರ್ ಕೂಡ ಅದರ ದೂರದ ಸಂಬಂಧಿಯೇ.

ಪಿಲ್ಸ್ನರ್ ಉರ್ಕ್ವೆಲ್ ಬಾಟಲಿ ನೀವು ಎಲ್ಲೋ ಕುಡಿದಿರಬಹುದು. ಅದನ್ನು ಇಟ್ಟುಕೊಂಡು ತೀರ್ಪು ಕೊಡಬೇಡಿ. ಪಿಲ್ಸೆನ್‌ನ ಬ್ರೂವರಿ ಪ್ರವಾಸದ ಕೊನೆಯಲ್ಲಿ ತಣ್ಣನೆಯ ನೆಲಮಾಳಿಗೆಗೆ ಕರೆದುಕೊಂಡು ಹೋಗುತ್ತಾರೆ. ಓಕ್ ಮರದ ದೊಡ್ಡ ಪೀಪಾಯಿಯಿಂದ ನೇರವಾಗಿ ಗ್ಲಾಸಿಗೆ ಬಗ್ಗಿಸುತ್ತಾರೆ. ಸೋಸಿಲ್ಲ, ಪಾಶ್ಚರೀಕರಿಸಿಲ್ಲ. ಸ್ವಲ್ಪ ಮಂಜುಮಂಜಾಗಿರುತ್ತದೆ, ಕಹಿ ಮೆತ್ತಗಾಗಿರುತ್ತದೆ, ಬ್ರೆಡ್ಡಿನ ಪರಿಮಳ ಎದ್ದು ಬರುತ್ತದೆ. ಬಾಟಲಿಯದು ಇದರದ್ದೇ ಮಗು ಅಂತ ನಂಬಲು ಕಷ್ಟ.

ಪಿಲ್ಸೆನ್‌ಗೆ ಹೋಗಲಾಗದಿದ್ದರೆ ಪ್ರಾಗ್‌ನಲ್ಲಿ ಟ್ಯಾಂಕ್ ಬಿಯರ್ ಕೊಡುವ ಪಬ್ ಹುಡುಕಿ. ಬ್ರೂವರಿಯಿಂದ ಟ್ಯಾಂಕರಿನಲ್ಲಿ ತಂದು ಪಬ್‌ನ ದೊಡ್ಡ ಟ್ಯಾಂಕಿಗೆ ತುಂಬುತ್ತಾರೆ. ಟ್ಯಾಂಕಿನ ಒಳಗೆ ಒಂದು ಚೀಲ ಇರುತ್ತದೆ. ಗಾಳಿಯ ಒತ್ತಡ ಆ ಚೀಲದ ಹೊರಗಿನಿಂದ ಬಿದ್ದು ಬಿಯರನ್ನು ನಲ್ಲಿಗೆ ತಳ್ಳುತ್ತದೆ. ಗಾಳಿಯಾಗಲಿ ಹೊರಗಿನ ಅನಿಲವಾಗಲಿ ಬಿಯರನ್ನು ಮುಟ್ಟುವುದಿಲ್ಲ. ಪಾಶ್ಚರೀಕರಿಸದ ಬಿಯರ್ ಆದ್ದರಿಂದ ಬೇಗ ಖಾಲಿಯಾಗಬೇಕು. ಹಾಗಾಗಿ ಜನ ತುಂಬಿದ ಪಬ್‌ಗಳಿಗೇ ಅದನ್ನು ಕೊಡುವುದು.

ನೊರೆ ಕಂಡರೆ ನಮಗೆ ಮೋಸ ಹೋದೆವು ಅನಿಸುತ್ತದೆ, ಅಲ್ವಾ? ಅಲ್ಲಿ ತಿರುಗುಮುರುಗು. ನೊರೆ ಇಲ್ಲದ ಬಿಯರ್ ಕೊಟ್ಟರೆ ಅವಮಾನ. ಒದ್ದೆ ಒದ್ದೆಯಾದ, ಕೆನೆಯಂಥ ನೊರೆ ಬಿಯರಿನ ಪರಿಮಳವನ್ನು ಕಾಪಾಡುತ್ತದೆ ಅಂತ ಅವರ ನಂಬಿಕೆ, ಕುಡಿದು ನೋಡಿದರೆ ನೀವೂ ಒಪ್ಪುತ್ತೀರಿ. ಒಂದೇ ಬಿಯರನ್ನು ಮೂರು ಥರ ಬಗ್ಗಿಸುತ್ತಾರೆ. ಮಾಮೂಲಿನದು ಹ್ಲಾದಿಂಕಾ, ಮೇಲೆ ಮೂರು ಬೆರಳು ನೊರೆ. ಶ್ನಿಟ್‌ನಲ್ಲಿ ಬಿಯರ್ ಕಮ್ಮಿ, ನೊರೆ ಜಾಸ್ತಿ. ಇನ್ನೊಂದು ಕುಡಿಯುವ ಆಸೆ, ಆದರೆ ಪೂರ್ತಿ ಬೇಡ ಅನ್ನುವವರಿಗೆ ಅದು. ಮ್ಲೀಕೊ ಅಂದರೆ ಗ್ಲಾಸು ತುಂಬ ನೊರೆಯೇ. ತಣ್ಣಗೆ, ಸಿಹಿಸಿಹಿಯಾಗಿ ಇರುತ್ತದೆ, ನೊರೆ ಇಳಿಯುವ ಮುಂಚೆ ಕುಡಿದು ಮುಗಿಸಬೇಕು. ಒಮ್ಮೆಯಾದರೂ ಕೇಳಿ.

ಪಟ್ಟಿಯಲ್ಲಿ 10, 11, 12 ಡಿಗ್ರಿ ಅಂತ ಬರೆದಿರುತ್ತಾರೆ. ನಮ್ಮವರು ಅದನ್ನು ಆಲ್ಕೋಹಾಲ್ ಪ್ರಮಾಣ ಅಂದುಕೊಂಡು ಹೆದರುತ್ತಾರೆ. ಅದು ಹುದುಗುವ ಮುಂಚೆ ರಸದಲ್ಲಿದ್ದ ಸಕ್ಕರೆ ಮೊದಲಾದ ಸಾರದ ಅಳತೆ. 10 ಡಿಗ್ರಿಯ ಬಿಯರಿನಲ್ಲಿ ಆಲ್ಕೋಹಾಲ್ ಸುಮಾರು ಶೇ. 4, 12 ಡಿಗ್ರಿಯದರಲ್ಲಿ ಸುಮಾರು ಶೇ. 5. ಪಿಲ್ಸ್ನರ್ ಉರ್ಕ್ವೆಲ್‌ನಲ್ಲಿ ಶೇ. 4.4 ಮಾತ್ರ. ನಮ್ಮ 'ಸ್ಟ್ರಾಂಗ್' ಬಾಟಲಿಗಳಿಗಿಂತ ಎಷ್ಟೋ ಹಗುರ. ಸಂಜೆ ಪೂರ್ತಿ ಮಾತಾಡುತ್ತಾ ಕೂರಲು ಮಾಡಿದ ಬಿಯರ್ ಇದು.

ಕೂತ ಕೂಡಲೇ ಮೇಜಿನ ಮೇಲೆ ಒಂದು ಕಾಗದದ ಚೀಟಿ ಇಡುತ್ತಾರೆ. ಒಂದೊಂದು ಬಿಯರ್‌ಗೂ ಒಂದೊಂದು ಗೀಟು. ಅದೇ ನಿಮ್ಮ ಬಿಲ್ಲು, ಕಳೆಯಬೇಡಿ, ಅದರ ಮೇಲೆ ಏನೂ ಗೀಚಬೇಡಿ. ಹಳೆ ಪಬ್‌ಗಳಲ್ಲಿ ಗ್ಲಾಸು ಖಾಲಿಯಾಗುತ್ತಿದ್ದಂತೆ ಕೇಳದೆಯೇ ಇನ್ನೊಂದು ಬರುತ್ತದೆ. ಸಾಕಾದರೆ ಮೊದಲೇ ಹೇಳಿ. ಪ್ರಾಗ್‌ನ 'ಉ ಜ್ಲಾಟೇಹೊ ಟಿಗ್ರ' ಅಂಥ ಪಬ್. 1994ರಲ್ಲಿ ಅಧ್ಯಕ್ಷ ವಾತ್ಸ್ಲಾವ್ ಹಾವೆಲ್ ಅಮೆರಿಕದ ಬಿಲ್ ಕ್ಲಿಂಟನ್‌ರನ್ನು ಕರೆದುಕೊಂಡು ಹೋಗಿದ್ದು ಇಲ್ಲಿಗೇ. ಮಧ್ಯಾಹ್ನ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಿಂತರೆ ಜಾಗ ಸಿಗಬಹುದು, ತಡವಾದರೆ ಕಷ್ಟ. ಕಪ್ಪು ಬಿಯರ್ ಇಷ್ಟವಾದರೆ 1499ರಿಂದ ನಡೆಯುತ್ತಿರುವ 'ಉ ಫ್ಲೆಕು'ಗೆ ಹೋಗಿ. ತಾನೇ ಮಾಡುವ ಕಪ್ಪು ಲಾಗರ್‌ಗೆ (ತಣ್ಣಗೆ ಹುದುಗಿಸಿದ ಬಿಯರ್) ಅದು ಹೆಸರುವಾಸಿ.

ಸಸ್ಯಾಹಾರಿಗಳಿಗೆ ಪ್ರಾಗ್ ಪಬ್ ಅಷ್ಟೇನೂ ಕಷ್ಟವಲ್ಲ. ಕರಿದ ಚೀಸ್ 'ಸ್ಮಾಜೆನಿ ಸೀರ್', ಎಣ್ಣೆಯಲ್ಲಿ ಈರುಳ್ಳಿ ಮೆಣಸಿನಕಾಯಿ ಜೊತೆ ನೆನೆಸಿಟ್ಟ ಚೀಸ್ 'ನಕ್ಲಾದನಿ ಹೆರ್ಮೆಲಿನ್' ಹೆಚ್ಚಿನ ಕಡೆ ಸಿಗುತ್ತವೆ. ಆಲೂಗಡ್ಡೆ ತುರಿದು ಮಾಡುವ ಬ್ರಾಂಬೊರಾಕ್ ಕೂಡ ಚೆನ್ನ. ಆದರೆ ಅದನ್ನು ಹಂದಿಯ ಕೊಬ್ಬಿನಲ್ಲಿ ಕರಿದಿದ್ದಾರಾ ಅಂತ ಕೇಳಿಯೇ ತಿನ್ನಿ. ಹಳೆ ಊರಿನ ಚೌಕದ ಸುತ್ತ ಬೆಲೆ ತೀರಾ ಜಾಸ್ತಿ. ನಾಲ್ಕು ಟ್ರಾಮ್ ನಿಲ್ದಾಣ ದಾಟಿ ಹೋದರೆ ಬಿಯರ್ ಅಗ್ಗವೂ ಹೌದು, ಒಳ್ಳೆಯದೂ ಹೌದು.

ಬವೇರಿಯಾ: ಕುಡಿಯದವರನ್ನೂ ಕರೆದುಕೊಂಡು ಹೋಗಬಹುದಾದ ಜಾಗ

ಮ್ಯೂನಿಕ್ ಅಂದ ತಕ್ಷಣ ಎಲ್ಲರ ಬಾಯಲ್ಲೂ ಅಕ್ಟೋಬರ್‌ಫೆಸ್ಟ್. ನನ್ನ ಸಲಹೆ ನೇರವಾಗಿದೆ: ಬಿಯರ್ ರುಚಿ ನೋಡಲು ಹೋಗುವವರು ಆ ಎರಡು ವಾರ ಬಿಟ್ಟು ಬೇರೆ ಯಾವಾಗಲಾದರೂ ಹೋಗಿ. 1810ರಲ್ಲಿ ರಾಜಕುಮಾರ ಲುಡ್ವಿಗ್‌ನ ಮದುವೆಯ ಸಂಭ್ರಮದಲ್ಲಿ ಹುಟ್ಟಿದ ಹಬ್ಬ ಅದು. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಹೋಟೆಲ್ ಬಾಡಿಗೆ ಆಕಾಶ ಮುಟ್ಟುತ್ತದೆ. ಒಂದು ಲೀಟರ್ ಬಿಯರ್‌ಗೆ 15 ಯೂರೋ ಆಸುಪಾಸು. ವಾರಾಂತ್ಯದಲ್ಲಿ ಡೇರೆಯೊಳಗೆ ಜಾಗ ಸಿಗುವುದೇ ಕಷ್ಟ. ಅಲ್ಲಿ ಬಿಯರ್ ಕೊಡುವುದು ಮ್ಯೂನಿಕ್‌ನ ಆರೇ ಬ್ರೂವರಿಗಳು: ಔಗುಸ್ಟಿನರ್, ಹಾಕರ್-ಪ್ಶೋರ್, ಹೋಫ್‌ಬ್ರಾಯ್, ಲೋವೆನ್‌ಬ್ರಾಯ್, ಪೌಲಾನರ್, ಶ್ಪಾಟೆನ್. ಈ ಆರೂ ವರ್ಷವಿಡೀ ಅದೇ ಊರಿನಲ್ಲಿ ಸಿಗುತ್ತವೆ.

ಮೇಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಹೋಗಿ, ಬಿಯರ್ ಗಾರ್ಡನ್‌ನಲ್ಲಿ ಕೂರಿ. ಬವೇರಿಯಾ ಜಗತ್ತಿಗೆ ಕೊಟ್ಟ ದೊಡ್ಡ ಕೊಡುಗೆ ಅದೇ ಅಂತ ನನ್ನ ಅಭಿಪ್ರಾಯ. ಹಿಂದೆ ಬೇಸಿಗೆಯಲ್ಲಿ ಬಿಯರ್ ತಣ್ಣಗಿಡಲು ನೆಲಮಾಳಿಗೆ ತೋಡುತ್ತಿದ್ದರು. ಅದಕ್ಕೆ ನೆರಳಾಗಲಿ ಅಂತ ಮೇಲೆ ಅಗಲ ಎಲೆಯ ಚೆಸ್ಟ್‌ನಟ್ ಮರ ನೆಟ್ಟರು. ಜನ ಆ ನೆರಳಿನಲ್ಲೇ ಕೂತು ಕುಡಿಯತೊಡಗಿದರು. ಊರಿನ ಊಟದಂಗಡಿಯವರಿಗೆ ಹೊಟ್ಟೆಯುರಿ. 1812ರಲ್ಲಿ ರಾಜ ಮ್ಯಾಕ್ಸಿಮಿಲಿಯನ್ ರಾಜಿ ಮಾಡಿದ. ಬ್ರೂವರಿಯವರು ಅಲ್ಲಿ ಬಿಯರ್ ಮಾರಬಹುದು, ಆದರೆ ಬ್ರೆಡ್ ಬಿಟ್ಟು ಬೇರೆ ಊಟ ಮಾರುವಂತಿಲ್ಲ. ಹಾಗಾಗಿ ಜನ ಮನೆಯಿಂದ ಬುತ್ತಿ ತರುವುದು ರೂಢಿಯಾಯಿತು. ಇವತ್ತು ಊಟವನ್ನೂ ಮಾರುತ್ತಾರೆ. ಆದರೂ ಬುತ್ತಿ ತರುವ ಹಕ್ಕು ಹಾಗೇ ಉಳಿದಿದೆ.

ಇದು ನಮ್ಮವರಿಗೆ ಎಷ್ಟು ಅನುಕೂಲ ಯೋಚಿಸಿ. ಅಪ್ಪ ಅಮ್ಮ, ಮಕ್ಕಳು, ಮಾಂಸ ಮುಟ್ಟದ ಅತ್ತೆ, ಎಲ್ಲರೂ ಒಟ್ಟಿಗೆ ಹೋಗಬಹುದು. ಚಪಾತಿ ಪಲ್ಯವನ್ನೋ ಚಿತ್ರಾನ್ನವನ್ನೋ ಕಟ್ಟಿಕೊಂಡು ಹೋಗಿ ಉದ್ದನೆಯ ಬೆಂಚಿನ ಮೇಲೆ ಹರಡಿ ತಿನ್ನಬಹುದು. ಯಾರೂ ಕಣ್ಣು ಕೆಂಪು ಮಾಡುವುದಿಲ್ಲ. ಎರಡು ನಿಯಮ ಮಾತ್ರ ಪಾಲಿಸಿ. ಕುಡಿಯುವುದನ್ನು ಅಲ್ಲೇ ಕೊಳ್ಳಬೇಕು, ನೀರೂ ಸೇರಿ. ಮೇಜಿನ ಮೇಲೆ ಬಟ್ಟೆ ಹಾಸಿದ್ದರೆ ಅದು ಮಾಣಿ ಬಂದು ಬಡಿಸುವ ಭಾಗ. ಅಲ್ಲಿ ಬುತ್ತಿ ಬಿಚ್ಚುವಂತಿಲ್ಲ. ಮಗ್‌ಗೆ ಠೇವಣಿ ತೆಗೆದುಕೊಂಡಿದ್ದರೆ ವಾಪಸ್ ಕೊಟ್ಟು ದುಡ್ಡು ಇಸಿದುಕೊಳ್ಳಿ. ಎಷ್ಟೋ ಗಾರ್ಡನ್‌ಗಳಲ್ಲಿ ಮಕ್ಕಳಿಗೆ ಆಟದ ಜಾಗವೂ ಇರುತ್ತದೆ. ದೊಡ್ಡದು ಬೇಕಾದರೆ ಸುಮಾರು 8,000 ಜನ ಕೂರುವ ಹಿರ್ಶ್‌ಗಾರ್ಟನ್. ರೈಲು ನಿಲ್ದಾಣಕ್ಕೆ ಹತ್ತಿರ ಬೇಕಾದರೆ ಔಗುಸ್ಟಿನರ್-ಕೆಲ್ಲರ್. ಅಲ್ಲಿ ಮರದ ಪೀಪಾಯಿಯಿಂದಲೇ ಬಿಯರ್ ಬಗ್ಗಿಸುತ್ತಾರೆ, ಅದು ಬಿಡಬೇಡಿ. ತಿನ್ನಲು ಒಬಾಟ್ಸ್ಡ ಎಂಬ ಖಾರದ ಚೀಸ್ ಮುದ್ದೆ, ಗಂಟು ಹಾಕಿದ ಆಕಾರದ ದೊಡ್ಡ ಬ್ರೆಡ್ ಬ್ರೆಟ್ಸೆಲ್, ತೆಳ್ಳಗೆ ಸುರುಳಿಯಾಗಿ ಹೆಚ್ಚಿದ ಉಪ್ಪಿನ ಮೂಲಂಗಿ. ಮೂರರಲ್ಲೂ ಮಾಂಸವಿಲ್ಲ.

ಬಿಯರ್ ವಿಷಯಕ್ಕೆ ಬಂದರೆ ಒಂದು ಮಾತು ಹೇಳಲೇಬೇಕು. ಮ್ಯೂನಿಕ್‌ನ ಗೋಧಿ ಬಿಯರ್ ಅದ್ಭುತ. ಬಾಳೆಹಣ್ಣು, ಲವಂಗದ ಪರಿಮಳ ಹಣ್ಣಿನಿಂದ ಬಂದದ್ದಲ್ಲ, ಬಿಯರನ್ನು ಹುದುಗಿಸುವ ಯೀಸ್ಟ್‌ನಿಂದ ಬಂದದ್ದು. ಆದರೆ ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಅದೇ ಶೈಲಿಯದನ್ನು ಕುಡಿದವರಿಗೆ ಅದು ಹೊಸ ರುಚಿ ಅನಿಸುವುದಿಲ್ಲ. ನಮ್ಮ ಅಳತೆಗೋಲಿನಲ್ಲಿ ಮ್ಯೂನಿಕ್ ಗೆಲ್ಲುವುದು ಜಾಗದಿಂದ, ರುಚಿಯಿಂದಲ್ಲ.

ರುಚಿಗೆ ಉತ್ತರಕ್ಕೆ ಹೋಗಬೇಕು. ಮ್ಯೂನಿಕ್‌ನಿಂದ ರೈಲಿನಲ್ಲಿ ಎರಡು ಗಂಟೆ ಆಸುಪಾಸಿನ ದಾರಿ ಬಾಂಬೆರ್ಗ್. 1993ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಳೆ ಊರು. ಅಲ್ಲಿನ ಶ್ಲೆಂಕೆರ್ಲಾ ಬ್ರೂವರಿಯಲ್ಲಿ ಬೀಚ್ ಮರದ ಬೆಂಕಿಯ ಹೊಗೆಯಲ್ಲಿ ಮಾಲ್ಟ್ ಒಣಗಿಸುತ್ತಾರೆ. ಒಂದು ಕಾಲಕ್ಕೆ ಎಲ್ಲ ಕಡೆ ಹೀಗೇ ಇತ್ತು, ಬೇರೆಯವರು ಬಿಟ್ಟರು, ಇವರು ಬಿಡಲಿಲ್ಲ. ಬಿಯರ್ ಕಂದುಗಪ್ಪು. ಮೂಗಿಗೆ ಮೊದಲು ಬಡಿಯುವುದು ಹೊಗೆಯಲ್ಲಿ ಹದ ಮಾಡಿದ ಮಾಂಸದ ವಾಸನೆ. ಅದರಲ್ಲಿ ಮಾಂಸ ಏನೂ ಇಲ್ಲ. ಮೊದಲ ಗ್ಲಾಸಿಗೇ ತೀರ್ಮಾನ ಮಾಡಬೇಡಿ. ಎರಡನೆಯದರ ಹೊತ್ತಿಗೆ ನಾಲಗೆ ಹೊಗೆಗೆ ಒಗ್ಗಿಕೊಂಡು ಮಾಲ್ಟಿನ ಸಿಹಿ ಕಾಣಿಸುತ್ತದೆ. ನಡೆಯಲು ಇಷ್ಟಪಡುವವರು ಹತ್ತಿರದ ಔಫ್‌ಸೆಸ್ ಹಳ್ಳಿಗಳತ್ತ ಹೋಗಿ. ಒಂದೂವರೆ ಸಾವಿರಕ್ಕೂ ಕಮ್ಮಿ ಜನಸಂಖ್ಯೆ, ನಾಲ್ಕು ಬ್ರೂವರಿ. ನಾಲ್ಕನ್ನೂ ಸೇರಿಸುವ ಕಾಲುದಾರಿ ಇದೆ.

ಜರ್ಮನಿಯ ಪಶ್ಚಿಮಕ್ಕೆ ಹೋಗುವ ಅವಕಾಶವಿದ್ದರೆ ಕಲೋನ್‌ನಲ್ಲಿ ಒಂದು ಸಂಜೆ ಇಳಿಯಿರಿ. ಅಲ್ಲಿನ ಕೋಲ್ಷ್ ಬಿಯರ್ ಬರುವುದು 200 ಮಿಲಿಯ ತೆಳ್ಳನೆಯ ಗ್ಲಾಸಿನಲ್ಲಿ. ಬಿಸಿಯಾಗುವಷ್ಟು ಹೊತ್ತು ಗ್ಲಾಸಿನಲ್ಲಿ ಉಳಿಯುವುದೇ ಇಲ್ಲ. ಕುಡಿದಂತೆ ಇನ್ನೊಂದು ತಂದಿಡುತ್ತಲೇ ಇರುತ್ತಾರೆ, ನೀವು ಗ್ಲಾಸಿನ ಮೇಲೆ ರಟ್ಟಿನ ತಟ್ಟೆ ಮುಚ್ಚುವವರೆಗೆ. ಅರ್ಧ ಗಂಟೆ ದೂರದ ಡ್ಯೂಸೆಲ್‌ಡೋರ್ಫ್‌ನಲ್ಲಿ ಕಂದು ಬಣ್ಣದ ಆಲ್ಟ್ ಬಿಯರ್. ಎರಡೂ ಊರಿನವರಿಗೆ ಪರಸ್ಪರ ಬಿಯರ್ ಕಂಡರೆ ಆಗುವುದಿಲ್ಲ. ಒಂದೂರಿನಲ್ಲಿ ಕೂತು ಇನ್ನೊಂದೂರಿನದನ್ನು ಕೇಳಬೇಡಿ.

ಬೆಲ್ಜಿಯಂ: ನಿಧಾನವಾಗಿ ಕುಡಿಯುವವರಿಗೆ

ಚೆಕ್‌ನಲ್ಲಿ ಒಂದೇ ಬಿಯರ್‌ನ ಆಳ, ಬೆಲ್ಜಿಯಂನಲ್ಲಿ ನೂರಾರು ಬಿಯರ್‌ನ ಹರವು. ಕೆಫೆಯ ಪಟ್ಟಿಯೇ ಪುಸ್ತಕದಷ್ಟು ದಪ್ಪ. ಒಂದೊಂದು ಬಿಯರ್‌ಗೂ ಅದರದ್ದೇ ಗ್ಲಾಸು. 2016ರಲ್ಲಿ ಯುನೆಸ್ಕೋ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನೇ ಪರಂಪರೆಯ ಪಟ್ಟಿಗೆ ಸೇರಿಸಿತು. ಗೆಂಟ್ ಊರಿನ 'ಡುಲ್ಲೆ ಗ್ರೀಟ್' ಪಬ್‌ನಲ್ಲಿ ದೊಡ್ಡ ಗ್ಲಾಸು ಕೇಳಿದರೆ ನಿಮ್ಮ ಒಂದು ಶೂ ಬಿಚ್ಚಿಸಿಕೊಳ್ಳುತ್ತಾರೆ. ಅದನ್ನು ಬುಟ್ಟಿಯಲ್ಲಿಟ್ಟು ಮೇಲಕ್ಕೆ ಎಳೆಯುತ್ತಾರೆ. ಗ್ಲಾಸು ಕದ್ದುಕೊಂಡು ಹೋಗಬಾರದು ಅಂತ.

ಇಲ್ಲಿ ಎಚ್ಚರಿಕೆ ಬೇಕು. ಡುವೆಲ್ ಬಿಯರಿನಲ್ಲಿ ಆಲ್ಕೋಹಾಲ್ ಶೇ. 8.5. ವೆಸ್ಟ್‌ಮಾಲ್ಲೆ ಟ್ರಿಪಲ್ ಶೇ. 9.5. ರೋಶ್‌ಫೋರ್ 10 ಅಂತೂ ಶೇ. 11.3. ರುಚಿಯಲ್ಲಿ ಆಲ್ಕೋಹಾಲ್ ಗೊತ್ತಾಗುವುದೇ ಇಲ್ಲ. ಪ್ರಾಗ್‌ನ ಲೆಕ್ಕದಲ್ಲಿ ಇಲ್ಲಿ ಕುಡಿದರೆ ಮರುದಿನ ಹೋಟೆಲ್ ಕೋಣೆಯಲ್ಲೇ ಕಳೆಯುತ್ತದೆ. ಒಂದು ಸಂಜೆಗೆ ಎರಡು, ಮಧ್ಯೆ ನೀರು, ಜೊತೆಗೆ ಚೀಸ್. ಅಷ್ಟು ಸಾಕು.

ಎಲ್ಲರೂ ಕೇಳುವುದು ಟ್ರಾಪಿಸ್ಟ್ ಬಿಯರ್. ಮಠದ ಗೋಡೆಯೊಳಗೆ, ಸನ್ಯಾಸಿಗಳ ನಿಗಾದಲ್ಲಿ ಮಾಡಿದ್ದು. ಲಾಭ ಮಠಕ್ಕೆ ಮತ್ತು ದಾನಕ್ಕೆ. ಬೆಲ್ಜಿಯಂನಲ್ಲಿ ಈಗ ಅಂಥವು ಐದು: ವೆಸ್ಟ್‌ಮಾಲ್ಲೆ, ವೆಸ್ಟ್‌ವ್ಲೆಟರೆನ್, ಶಿಮೇ, ಓರ್ವಾಲ್, ರೋಶ್‌ಫೋರ್. ಒಳ್ಳೆಯ ಬಿಯರ್‌ಗಳೇ. ಆದರೆ ಇವು ಬಾಟಲಿಗೆಂದೇ ಹುಟ್ಟಿದವು. ಬಾಟಲಿಯೊಳಗೆ ಇನ್ನೊಮ್ಮೆ ಹುದುಗುತ್ತವೆ, ಚೆನ್ನಾಗಿ ಪ್ರಯಾಣ ಮಾಡುತ್ತವೆ. ದುಬೈಯಲ್ಲೋ ಸಿಂಗಪುರದಲ್ಲೋ ಕುಡಿದರೂ ಹೆಚ್ಚು ವ್ಯತ್ಯಾಸ ಇಲ್ಲ. ಎರಡಕ್ಕೆ ಮಾತ್ರ ಹೋಗಲೇಬೇಕು. ಒಂದು ವೆಸ್ಟ್‌ವ್ಲೆಟರೆನ್. ಮಾಮೂಲಿ ಅಂಗಡಿಗೆ ಅವರು ಕೊಡುವುದಿಲ್ಲ. ಮಠದ ಎದುರಿನ 'ಇನ್ ಡೆ ವ್ರೇಡೆ' ಕೆಫೆಯಲ್ಲಿ ಕೂತು ಕುಡಿಯಬಹುದು. ಎರಡನೆಯದು ಓರ್ವಾಲ್ ಮಠದ ಪಕ್ಕದ ಕೆಫೆಯಲ್ಲಿ ಮಾತ್ರ ಸಿಗುವ ಹಗುರ 'ಓರ್ವಾಲ್ ವೆರ್'. ಎರಡೂ ಹಳ್ಳಿಗಾಡಿನ ದಾರಿ. ಕಾರು ಇಲ್ಲದೆ ಕಷ್ಟ, ಕಾರು ಓಡಿಸುವವರು ಕುಡಿಯುವಂತಿಲ್ಲ. ಹಾಗಾಗಿ ಮೊದಲ ಸಲ ಹೋಗುವವರಿಗೆ ಇದನ್ನು ನಾನು ಹೇಳುವುದಿಲ್ಲ.

ಮೊದಲ ಸಲ ಹೋಗುವವರಿಗೆ ಹೇಳುವುದು ಲ್ಯಾಂಬಿಕ್. ಬ್ರಸೆಲ್ಸ್ ನಗರ ಮತ್ತು ಅದರ ಪಶ್ಚಿಮದ ಪಯೋಟನ್‌ಲ್ಯಾಂಡ್ ಹಳ್ಳಿಗಳ ಬಿಯರ್ ಇದು. ಮಾಮೂಲಿ ಬ್ರೂವರಿಗಳಲ್ಲಿ ಯೀಸ್ಟ್ ಅಳೆದು ಹಾಕುತ್ತಾರೆ. ಇಲ್ಲಿ ಯಾರೂ ಏನೂ ಹಾಕುವುದಿಲ್ಲ. ನಮ್ಮ ಕರಾವಳಿಯ ಕಳ್ಳು ತಾನಾಗಿ ಹುಳಿಯೇರುವಂತೆ ಇದೂ ತಾನಾಗಿ ಹುದುಗುತ್ತದೆ. ಕುದಿಸಿದ ರಸವನ್ನು ರಾತ್ರಿ ಅಗಲವಾದ ತಾಮ್ರದ ತೊಟ್ಟಿಯಲ್ಲಿ ಹರಡಿ ಬಿಡುತ್ತಾರೆ. ಹೊರಗಿನ ತಣ್ಣನೆ ಗಾಳಿ ಮಾಡಿನ ಸಂದಿಯಿಂದ ಒಳಗೆ ಬರುತ್ತದೆ. ಗಾಳಿಯಲ್ಲಿರುವ, ಮಾಡಿನಲ್ಲಿರುವ, ಮರದಲ್ಲಿರುವ ಯೀಸ್ಟ್ ಬ್ಯಾಕ್ಟೀರಿಯಾಗಳೆಲ್ಲ ಬಂದು ಸೇರುತ್ತವೆ. ಆಮೇಲೆ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇಡುತ್ತಾರೆ. ಬೇಸಿಗೆಯಲ್ಲಿ ಬೇಡದ ಬ್ಯಾಕ್ಟೀರಿಯಾ ಜಾಸ್ತಿ. ಹಾಗಾಗಿ ಚಳಿಯ ತಿಂಗಳುಗಳಲ್ಲಿ ಮಾತ್ರ ಬಿಯರ್ ಕುದಿಸುವುದು.

ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದರೆ ಗ್ಯೂಜ್. ಹುಳಿ ಚೆರ್ರಿ ನೆನೆಸಿದರೆ ಕ್ರೀಕ್. ಬಾಟಲಿಯಲ್ಲಿ ಸಿಗುವ ಕ್ರೀಕ್‌ಗಳಲ್ಲಿ ಎಷ್ಟೋ ಸಕ್ಕರೆ ಹಾಕಿ ಸಿಹಿ ಮಾಡಿದವು. ಅದನ್ನು ಕುಡಿದು ಇದೇ ಲ್ಯಾಂಬಿಕ್ ಅಂದುಕೊಳ್ಳಬೇಡಿ. ನಿಜವಾದದ್ದು ಒಣ ಹುಳಿ. ಹಸಿ ನಿಂಬೆ, ಹಳೆ ಮರ, ಒದ್ದೆ ಹುಲ್ಲಿನ ವಾಸನೆ. ಬ್ರಸೆಲ್ಸ್‌ನ ಕಾಂಟಿಯೋನ್ 1900ರಲ್ಲಿ ಶುರುವಾದ ಮನೆತನದ ಬ್ರೂವರಿ. ದಕ್ಷಿಣದ ದೊಡ್ಡ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಒಳಗೆಲ್ಲ ಓಡಾಡಿ ನೋಡಲು ಬಿಡುತ್ತಾರೆ. ತೊಟ್ಟಿ, ಪೀಪಾಯಿ, ಜೇಡರ ಬಲೆ ಎಲ್ಲವೂ ಇದ್ದ ಹಾಗೇ ಇವೆ. ಜೇಡ ನೊಣಗಳನ್ನು ತಿನ್ನುತ್ತದೆ, ಅದಕ್ಕೇ ಬಲೆ ಕೆಡವುವುದಿಲ್ಲ. ಕೊನೆಗೆ ಬೆರೆಸದ, ಗುಳ್ಳೆಯೇ ಇಲ್ಲದ ಲ್ಯಾಂಬಿಕ್ ರುಚಿ ನೋಡಬಹುದು. ಅದೇ ಈ ದೇಶದಲ್ಲಿ ಪೀಪಾಯಿ ಬಿಟ್ಟು ದೂರ ಹೋಗದ ಬಿಯರ್. ನನ್ನ ಪ್ರಕಾರ ಬಿಯರ್ ಲೋಕದಲ್ಲಿ ಇದಕ್ಕಿಂತ ಅಚ್ಚರಿಯ ರುಚಿ ಇಲ್ಲ. ಎಲ್ಲರಿಗೂ ಹಿಡಿಸುತ್ತದೆ ಅಂತ ಭರವಸೆ ಕೊಡಲಾರೆ. ಹುಳಿ ಇಷ್ಟಪಡುವವರಿಗೆ ಮಾತ್ರ.

ಸಸ್ಯಾಹಾರಿಗಳು ಗಮನಿಸಿ. ಬೆಲ್ಜಿಯಂನ ಪ್ರಸಿದ್ಧ ಆಲೂ ಫ್ರೈಸ್‌ಗಳನ್ನು ಸಂಪ್ರದಾಯದಂತೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ, ಕೇಳಿ ತೆಗೆದುಕೊಳ್ಳಿ.

ಇಂಗ್ಲೆಂಡ್: ಪಬ್ ಮತ್ತು ಪೀಪಾಯಿ

'ಇಂಗ್ಲೆಂಡಿನಲ್ಲಿ ಬಿಯರ್ ಬಿಸಿ ಇರುತ್ತದಂತೆ' ಅನ್ನುವ ಮಾತು ಎಲ್ಲ ಕಡೆ ಇದೆ. ಬಿಸಿ ಏನೂ ಇಲ್ಲ. ನೆಲಮಾಳಿಗೆಯ ತಂಪು, ಸುಮಾರು 11ರಿಂದ 13 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನ ಡಿಸೆಂಬರ್ ಬೆಳಗಿಗಿಂತ ತಣ್ಣಗೆ. ಕ್ಯಾಸ್ಕ್ ಏಲ್ ಎಂಬ ಈ ಬಿಯರ್ ಪಬ್‌ನ ಕೆಳಗಿನ ಪೀಪಾಯಿಯಲ್ಲಿ ಇನ್ನೂ ಜೀವಂತವಾಗಿ ಹುದುಗುತ್ತಿರುತ್ತದೆ. ಹೊರಗಿನಿಂದ ಅನಿಲ ತುಂಬುವುದಿಲ್ಲ. ಕೈ ಪಂಪಿನಲ್ಲಿ ಎಳೆದು ಕೊಡುತ್ತಾರೆ. ಪೀಪಾಯಿ ತೆರೆದ ಮೇಲೆ ಸುಮಾರು ಮೂರು ದಿನದಲ್ಲಿ ಖಾಲಿಯಾಗಬೇಕು, ಇಲ್ಲದಿದ್ದರೆ ಹುಳಿಯುತ್ತದೆ. ರಫ್ತು ಮಾಡಲು ಆಗುವ ಮಾತೇ ಅಲ್ಲ. ನಮ್ಮ ಅಳತೆಗೋಲಿನಲ್ಲಿ ಇದಕ್ಕೆ ಪೂರ್ತಿ ಅಂಕ.

1970ರ ಹೊತ್ತಿಗೆ ದೊಡ್ಡ ಕಂಪನಿಗಳ, ಸೋಸಿ ಅನಿಲ ತುಂಬಿದ ಕೆಗ್ ಬಿಯರ್ ಬಂದು ಇದು ಅಳಿದುಹೋಗುವ ಹಾಗಿತ್ತು. 1971ರಲ್ಲಿ ನಾಲ್ವರು ಗೆಳೆಯರು ಸೇರಿ ಕ್ಯಾಮ್ರಾ ಎಂಬ ಗ್ರಾಹಕರ ಸಂಘ ಕಟ್ಟಿದರು. ಲಕ್ಷಕ್ಕೂ ಹೆಚ್ಚು ಸದಸ್ಯರಾದರು. ಕುಡಿಯುವವರೇ ಹೋರಾಡಿ ಒಂದು ಬಿಯರನ್ನು ಉಳಿಸಿಕೊಂಡದ್ದು ನನಗೆ ಬಹಳ ಹಿಡಿಸಿದ ವಿಷಯ.

ತೊಂದರೆ ಏನೆಂದರೆ, ಒಂದೇ ಬಿಯರ್ ಒಂದು ಪಬ್‌ನಲ್ಲಿ ಸೊಗಸು, ಪಕ್ಕದ ಪಬ್‌ನಲ್ಲಿ ಸಪ್ಪೆ. ಎಲ್ಲವೂ ನೆಲಮಾಳಿಗೆ ನೋಡಿಕೊಳ್ಳುವವರ ಕೈಯಲ್ಲಿ. ಹತ್ತು ಪಂಪ್ ಇದ್ದು ನಾಲ್ಕೇ ಜನ ಇರುವ ಪಬ್ ಬಿಟ್ಟುಬಿಡಿ. ಮೂರು ಪಂಪ್ ಇದ್ದು ಜನ ತುಂಬಿದ್ದರೆ ಒಳಗೆ ಹೋಗಿ. ಕೊಳ್ಳುವ ಮುಂಚೆ ಒಂದು ಗುಟುಕು ರುಚಿ ನೋಡಲು ಕೇಳಬಹುದು, ಸಂಕೋಚ ಬೇಡ. ಮೇಜಿನ ಹತ್ತಿರ ಯಾರೂ ಬರುವುದಿಲ್ಲ. ಕೌಂಟರಿಗೆ ಹೋಗಿ ಹೇಳಿ, ದುಡ್ಡು ಕೊಟ್ಟು, ನೀವೇ ಎತ್ತಿಕೊಂಡು ಬರಬೇಕು. ಪೈಂಟ್ ಅಂದರೆ 568 ಮಿಲಿ. ಬಿಟರ್ ಎಂಬ ಕಂದು ಏಲ್ ಶೇ. 4ರ ಆಸುಪಾಸು. ಲಂಡನ್‌ನಲ್ಲಿ ಸೌತ್‌ವರ್ಕ್‌ನ ಜಾರ್ಜ್ ಇನ್ ನೋಡಿ. 1677ರಲ್ಲಿ ಮತ್ತೆ ಕಟ್ಟಿದ, ಮರದ ಮೊಗಸಾಲೆ ಇರುವ ಹಳೆ ಛತ್ರ, ಈಗ ಹಳೆ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ನದು.

ಭಾರತದ ಹೆಸರು ಹೊತ್ತ ಐಪಿಎ (ಇಂಡಿಯಾ ಪೇಲ್ ಏಲ್) ಕೂಡ ಇಲ್ಲಿಯದೇ. 18ನೇ ಶತಮಾನದ ಕೊನೆಯಲ್ಲಿ ಲಂಡನ್‌ನ ಬೋ ಬ್ರೂವರಿಯ ಹಾಡ್ಜ್‌ಸನ್ ಮನೆತನದವರು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಕಲ್ಕತ್ತ, ಮದ್ರಾಸಿಗೆ ಬಿಯರ್ ಕಳಿಸುತ್ತಿದ್ದರು. 1820ರ ದಶಕದಲ್ಲಿ ಬರ್ಟನ್ ಊರಿನವರು ಆ ವ್ಯಾಪಾರಕ್ಕೆ ಇಳಿದರು. ಅಲ್ಲಿನ ಜಿಪ್ಸಮ್ ತುಂಬಿದ ನೀರು ಹಾಪ್ಸ್‌ನ ಕಹಿಯನ್ನು ಚುರುಕಾಗಿ ಎತ್ತಿ ತೋರಿಸಿತು. ಇವತ್ತು ಬೆಂಗಳೂರಿನಲ್ಲಿ ಸಿಗುವ ಐಪಿಎಗಳ ಹಣ್ಣಿನ ಪರಿಮಳ ಹೆಚ್ಚಾಗಿ ಅಮೆರಿಕದ ಹಾಪ್ಸ್‌ನದು. ಹಳೆ ಶೈಲಿಯದು ಬೇರೆಯೇ.

ಶುದ್ಧ ಸಸ್ಯಾಹಾರಿಗಳು ಇಲ್ಲಿ ಬಿಯರ್ ಬಗ್ಗೆಯೇ ವಿಚಾರಿಸಬೇಕು. ಬಹಳಷ್ಟು ಕ್ಯಾಸ್ಕ್ ಏಲ್‌ಗಳನ್ನು ತಿಳಿಮಾಡಲು ಐಸಿಂಗ್ಲಾಸ್ ಎಂಬ ಮೀನಿನ ಗಾಳಿಚೀಲದ ಅಂಟು ಬಳಸುತ್ತಾರೆ. 'ಅನ್‌ಫೈನ್ಡ್' ಅಥವಾ 'ವೀಗನ್' ಅಂತ ಬರೆದಿರುವುದನ್ನು ಕೇಳಿ. ಈಗೀಗ ಅಂಥವು ಜಾಸ್ತಿ ಸಿಗುತ್ತವೆ.

ಹಾಗಾದರೆ ಯಾವುದು?

ಒಂದೇ ಜಾಗಕ್ಕೆ ಹೋಗುವ ಅವಕಾಶವಿದ್ದರೆ ನನ್ನ ಮತ ಚೆಕ್‌ಗೆ. ಬಿಯರ್ ಅಗ್ಗ, ಹಗುರ, ಪರಿಚಿತ ರುಚಿಯದೇ ಅತ್ಯುತ್ತಮ ರೂಪ. ಗೆಳೆಯರ ಗುಂಪಿಗೆ ಹೇಳಿಮಾಡಿಸಿದ್ದು. ಮನೆಮಂದಿ ಜೊತೆಗಿದ್ದರೆ, ಅದರಲ್ಲೂ ಕುಡಿಯದವರು ಇದ್ದರೆ, ಬವೇರಿಯಾ. ನಿಮಗೆ ಈಗಾಗಲೇ ಬ್ರೂಪಬ್‌ಗಳ ರುಚಿಯೆಲ್ಲ ಗೊತ್ತು, ಹೊಸದು ಬೇಕು ಅಂದರೆ ಬೆಲ್ಜಿಯಂ. ಅದು ಇಬ್ಬರು ಹೋಗುವ ಊರು, ದೊಡ್ಡ ಗುಂಪಿಗಲ್ಲ. ಇಂಗ್ಲೆಂಡಿಗೆ ಬಿಯರ್‌ಗಾಗಿಯೇ ಬೇರೆ ವೀಸಾ ಮಾಡಿಸಿ ಹೋಗಿ ಅಂತ ಹೇಳಲಾರೆ. ಅಲ್ಲಿ ನಮ್ಮವರು ಬೇಕಾದಷ್ಟಿದ್ದಾರೆ. ಅಣ್ಣನನ್ನೋ ಮಗಳನ್ನೋ ನೋಡಲು ಹೋದಾಗ ಸಂಜೆ ಮೂಲೆಯ ಪಬ್‌ಗೆ ಹೋಗಿ ಕ್ಯಾಸ್ಕ್ ಏಲ್ ಕೇಳಿ.

ಎರಡನ್ನು ಸೇರಿಸುವ ಒಳ್ಳೆಯ ದಾರಿ ಇದೆ. ಮ್ಯೂನಿಕ್‌ನಿಂದ ಪ್ರಾಗ್‌ಗೆ ಹೋಗುವ ನೇರ ರೈಲು ಪಿಲ್ಸೆನ್ ಮೂಲಕವೇ ಹೋಗುತ್ತದೆ. ನಡುವೆ ಇಳಿದು ಒಂದು ದಿನ ಇದ್ದು ಮುಂದೆ ಹೋಗಿ. ಪಿಲ್ಸೆನ್‌ನಿಂದ ಪ್ರಾಗ್ ಒಂದೂವರೆ ಗಂಟೆ. ಬೆಲ್ಜಿಯಂ ಆರಿಸಿದವರಿಗೆ ಕಲೋನ್ ಜೋಡಿ, ಬ್ರಸೆಲ್ಸ್‌ನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ಬಾಡಿಗೆ ಕಾರು ಮಾತ್ರ ಬೇಡವೇ ಬೇಡ. ಚೆಕ್‌ನಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ ಸೊನ್ನೆ ಇರಬೇಕು.

ಯೂರೋಪಿನ ಖರ್ಚು ಜಾಸ್ತಿಯಾಯಿತು ಅನ್ನುವವರು ಹನೋಯ್ ಯೋಚಿಸಿ. ವಿಯೆಟ್ನಾಂನ 'ಬಿಯಾ ಹೋಯ್' ಕೂಡ ಊರು ಬಿಟ್ಟು ಹೋಗದ ಬಿಯರ್. ಪಾಶ್ಚರೀಕರಿಸದೆ ಬೆಳಿಗ್ಗೆ ಅಂಗಡಿಗೆ ಬರುತ್ತದೆ, ಪೀಪಾಯಿ ಮುಗಿದರೆ ಆ ದಿನದ ವ್ಯಾಪಾರ ಮುಗಿಯಿತು. ಶೇ. 3-4ರ ತೆಳು ಬಿಯರ್. ಹಸಿರು ಛಾಯೆಯ ಒರಟು ಗಾಜಿನ ಗ್ಲಾಸು, ಗಿಡ್ಡ ಪ್ಲಾಸ್ಟಿಕ್ ಸ್ಟೂಲು, ಕಡಲೆಕಾಯಿ. ಹಳೆ ಊರಿನ ತಾ ಹಿಯೆನ್ ಬೀದಿಯಲ್ಲಿ ಪ್ರವಾಸಿಗರೇ ತುಂಬಿರುತ್ತಾರೆ. ಅಲ್ಲಿಂದ ನಾಲ್ಕು ಬೀದಿ ಆಚೆ ಹೋದರೆ ಊರಿನವರು ಸಿಗುತ್ತಾರೆ. ಬೈಕ್ ಬಾಡಿಗೆಗೆ ತೆಗೆದುಕೊಂಡಿದ್ದರೆ ಅವತ್ತು ಕುಡಿಯಬೇಡಿ. 2020ರಿಂದ ಅಲ್ಲೂ ಮಿತಿ ಸೊನ್ನೆ, ದಂಡ ಭಾರಿ.

ಊರಿಗೆ ಏನು ತರಬೇಕು ಅಂತ ಕೇಳಿದರೆ, ಪಿಲ್ಸ್ನರ್ ಆಗಲಿ ಮ್ಯೂನಿಕ್‌ನ ತೆಳುಬಣ್ಣದ ಲಾಗರ್ ಹೆಲ್ಲೆಸ್ ಆಗಲಿ ತರಬೇಡಿ. ಪೆಟ್ಟಿಗೆಯ ಬಿಸಿಯಲ್ಲೇ ಅವುಗಳ ತಾಜಾತನ ಹೋಗುತ್ತದೆ. ತರುವುದಾದರೆ ಗ್ಯೂಜ್ ತನ್ನಿ. ಶಾಂಪೇನ್ ಥರದ ದಪ್ಪ ಬಾಟಲಿ, ಕಾರ್ಕ್ ಮುಚ್ಚಳ, ವರ್ಷಗಟ್ಟಲೆ ಕೆಡುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿನ ನಡುವೆ ಇಡಿ. ಸುಂಕವಿಲ್ಲದೆ ತರಲು ಎರಡು ಲೀಟರ್ ಮಿತಿ, 750 ಮಿಲಿಯ ಎರಡು ಬಾಟಲಿ ಆರಾಮಾಗಿ ಹಿಡಿಸುತ್ತವೆ. ಮನೆಗೆ ಬಂದ ಮೇಲೆ ಬಿಸಿಲು ಬೀಳದ ತಂಪು ಜಾಗದಲ್ಲಿ ಕೆಲವು ವಾರ ಅಲುಗಾಡಿಸದೆ ಬಿಡಿ. ತೆಗೆಯುವ ದಿನ ತಳದ ಗಸಿ ಮೇಲೇಳದಂತೆ ನಿಧಾನವಾಗಿ ಬಗ್ಗಿಸಿ.